ಮೂಲೆಯವೆರಡು, ನಡುವಿನದೊಂದು

ತಟ್ಟೆಗೆ ಹದಿನೈದು ಬಿಲ್ಲೆ. ಹನ್ನೆರಡು ಬಂಗಾರದಂಥವು, ಮೂರು ಕೈಕೊಡುವವು. ಮೊದಲ ತಟ್ಟೆಯಲ್ಲಿ ಹಾಗಾಯಿತು, ಎರಡನೆಯದರಲ್ಲೂ ಹಾಗೇ ಆಯಿತು, ಐದನೆಯದು ಭಟ್ಟಿಯಿಂದ ಹೊರಬಂದಾಗಲೂ ಲೆಕ್ಕ ತಪ್ಪಲಿಲ್ಲ. ಅದೂ ಎಲ್ಲೆಂದರಲ್ಲಿ ಅಲ್ಲ. ಎಡಗಡೆ ಮೇಲಿನ ಮೂಲೆಯದೊಂದು, ಬಲಗಡೆ ಕೆಳಗಿನ ಮೂಲೆಯದೊಂದು, ನಟ್ಟನಡುವಿನದೊಂದು.

"ಕಳ್ಳನೂ ಇಷ್ಟು ನಿಯತ್ತಾಗಿ ದಿನಾ ಅದೇ ಮನೆಗೆ ನುಗ್ಗಲ್ಲ ಅತ್ತಿಗೆ," ಎಂದ ಮೀಟರು, ತಂತಿಗಳನ್ನು ಕೈಗೆ ಸುತ್ತಿಕೊಳ್ಳುತ್ತಾ.

ಮೀಟರು ಎಂದರೆ ಭಟ್ಟಿಯಕ್ಕನ ಮೈದುನ. ಮೂವತ್ತು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿದವನು. ಕರೆಂಟು ಅಳೆಯುವ ಮೀಟರನ್ನು ಬೇರೆಯವರು ಕನ್ನಡಕ ನೇತುಹಾಕಿಕೊಳ್ಳುವಂತೆ ಕೊರಳಿಗೆ ಹಾಕಿಕೊಂಡೇ ಓಡಾಡುವುದರಿಂದ ಆ ಹೆಸರು. ಭಟ್ಟಿಯಕ್ಕನಿಗೂ ಹೆಸರು ಬಂದದ್ದು ಕೆಲಸದಿಂದಲೇ. ಪಿಂಗಾಣಿ ತಟ್ಟೆ-ಬಟ್ಟಲು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಭಟ್ಟಿ ನೋಡಿಕೊಂಡವಳು. ಬೆಂಕಿಯ ಬಣ್ಣ ನೋಡಿ ಎಷ್ಟು ಬಿಸಿ ಇದೆ ಎಂದು ಹೇಳುತ್ತಿದ್ದಳು, ಗೋಡೆಯ ಮೇಲಿನ ಮುಳ್ಳು ಆಮೇಲೆ ಹೌದೆನ್ನುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನ ಕೈಗೆ ಬಂದದ್ದು ಒಂದು ಪ್ರಮಾಣಪತ್ರ ಮತ್ತು ಅಂಚು ಮುರಿದ ಆರು ಬಟ್ಟಲು. ಬಟ್ಟಲುಗಳು ಉಪಯೋಗಕ್ಕೆ ಬಂದವು.

ಮೂರನೆಯವಳು ಅವಳ ಅಣ್ಣನ ಮಗಳು. ತಾಯಿಯಿಲ್ಲದ ಹುಡುಗಿ, ಅತ್ತೆಯ ಮನೆಯಲ್ಲೇ ಬೆಳೆದವಳು. ಶಾಖ ತಡೆಯುವ ವಸ್ತುಗಳ ಮೇಲೆ ಸಂಶೋಧನೆ ಮಾಡಿ ಹೆಸರಿನ ಹಿಂದೆ ಡಾಕ್ಟರು ಅಂಟಿಸಿಕೊಂಡು ಬಂದಳು. ಬಾಗಿಲಿಗೆ ಬೋರ್ಡು ಹಾಕಿದ ಮೊದಲ ವಾರವೇ ಬೀದಿಯ ಮೂವರು ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದರು. ಅಂದಿನಿಂದ ಮೀಟರು ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದ. ಬೋರ್ಡು ಬದಲಾಯಿತು, ಹೆಸರು ಉಳಿಯಿತು.

ಅವರ ಕಂಪನಿ ಎಂದರೆ ಇಷ್ಟೇ ಜನ. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ ಕಾಗದದ ಗೋದಾಮಾಗಿದ್ದ ದೊಡ್ಡ ಕೋಣೆ. ಕಬ್ಬಿಣದ ಶಟರು, ಎತ್ತರದಲ್ಲಿ ಎರಡು ಕಿಟಕಿ, ಮಧ್ಯೆ ಒಂದು ಕರೆಂಟಿನ ಭಟ್ಟಿ, ಗೋಡೆಗಂಟಿಕೊಂಡು ಮೀಟರಿನ ಮೇಜು, ಪ್ಲಾಸ್ಟಿಕ್ ಪರದೆ ಕಟ್ಟಿ ಮಾಡಿದ ಒಂದು ಚೊಕ್ಕ ಮೂಲೆ. ಪಕ್ಕದಲ್ಲಿ ಪ್ರಿಂಟಿಂಗ್ ಯಂತ್ರ ಓಡುವಾಗ ಮೇಜಿನ ಮೇಲಿನ ಚಮಚ ತಾನೇ ನಡೆಯುತ್ತಿತ್ತು. ಅಳತೆಯ ಕೆಲಸವನ್ನು ಪ್ರೆಸ್ಸಿನವರ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದರು.

ಇಂಥ ಜಾಗದಲ್ಲಿ ಅವರು ಮಾಡುತ್ತಿದ್ದದ್ದು ವಿಮಾನಕ್ಕೆ ಹೋಗುವ ಸಾಮಾನು. ವಿಮಾನದ ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡು ಕೂತು, ಅದಕ್ಕೆ ಜ್ವರ ಬಂತೋ ನಡುಕ ಬಂತೋ ಎಂದು ಕ್ಷಣಕ್ಷಣಕ್ಕೂ ಹೇಳುವ ಎಲೆಕ್ಟ್ರಾನಿಕ್ಸ್ ಬೇಕು. ರೇಡಿಯೋದ ಒಳಗಿರುವಂಥ ಹಸಿರು ಬೋರ್ಡು ಆ ಬಿಸಿಗೆ ಸುಟ್ಟು ಕರಕಲಾಗುತ್ತದೆ. ಅದಕ್ಕೇ ಪಿಂಗಾಣಿಯ ಬಿಲ್ಲೆ. ಹೆಬ್ಬೆರಳಿನ ಅಗಲದ್ದು. ಅದರ ಮೇಲೆ ಕೂದಲೆಳೆಯಂಥ ಲೋಹದ ಗೆರೆಗಳು, ಗೆರೆಗಳ ಮೇಲೆ ಗಾಜಿನಂತೆ ಕರಗಿ ಕೂರುವ ಒಂದು ಲೇಪ. ಎಷ್ಟೇ ಬಿಸಿಯಾದರೂ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಕರೆಂಟು ಸೋರಬಾರದು. ಸೋರಿದರೆ ಬಿಲ್ಲೆ ಸುಳ್ಳು ಹೇಳುತ್ತದೆ. ಜ್ವರವಿಲ್ಲದ ಎಂಜಿನ್ನಿಗೆ ಜ್ವರ ಅನ್ನುತ್ತದೆ, ಇದ್ದದ್ದಕ್ಕೆ ಇಲ್ಲ ಅನ್ನುತ್ತದೆ.

ಸಣ್ಣ ಕಂಪನಿಗಳೂ ಇಂಥ ಸಂಶೋಧನೆಗೆ ಕೈಹಾಕಲಿ ಎಂದು ಸರ್ಕಾರ ಒಂದು ಯೋಜನೆ ಇಟ್ಟಿತ್ತು. ಮೊದಲ ಹಂತಕ್ಕೆ ಆರು ತಿಂಗಳು: ನಿಮ್ಮದು ಗಾಳಿಗೋಪುರ ಅಲ್ಲವೆಂದು ತೋರಿಸಿ. ಎರಡನೆಯ ಹಂತಕ್ಕೆ ಎರಡು ವರ್ಷ: ಹಾಗಾದರೆ ನೂರಾರು ಮಾಡಿ ಕೊಡಿ. ಮೊದಲನೆಯದು ಮುಗಿಯುತ್ತಾ ಬಂದಿತ್ತು. ಗುರುವಾರ ಪರೀಕ್ಷಕರು ಬರುವವರಿದ್ದರು. ಅವರು ಹೂಂ ಅಂದರೆ ಎರಡನೆಯ ಹಂತ. ಊಹೂಂ ಅಂದರೆ ಶಟರು ಕೆಳಗೆ. ಡಾಕ್ಟರಮ್ಮ ಯಾವುದೋ ದೊಡ್ಡ ಕಂಪನಿಯಲ್ಲಿ ನೂರು ಮೇಜುಗಳ ನಡುವೆ ಒಂದು ಮೇಜಿಗೆ ಹೋಗಬೇಕು, ಮೀಟರು ಮತ್ತೆ ಹಳೇ ಟೀವಿಗಳ ಬೆನ್ನು ಬಿಚ್ಚಬೇಕು. ಭಟ್ಟಿಯಕ್ಕನಿಗೆ ಹೋಗಲು ಎಲ್ಲೂ ಜಾಗವಿರಲಿಲ್ಲ. ಐವತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಗೊತ್ತಿದ್ದ ವಿದ್ಯೆ ಕಾಗದದ ಮೇಲೆ ಅಚ್ಚಾಗಿತ್ತು. ಅರ್ಜಿಯಲ್ಲಿ ಅವಳ ಹೆಸರಿನ ಮುಂದೆ "ತಯಾರಿಕೆಯ ಮುಖ್ಯಸ್ಥೆ" ಎಂದು ಬರೆದಿತ್ತು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ತೋರಿಸಬೇಕು ಅಂತ ಅನ್ನಿಸಿದಾಗೆಲ್ಲ ತಾನೇ ಇನ್ನೊಂದು ಸಲ ನೋಡಿಕೊಳ್ಳುತ್ತಿದ್ದಳು.

ಮೂರು ಬಿಲ್ಲೆಗಳ ಕಾಟಕ್ಕೆ ಡಾಕ್ಟರಮ್ಮ ಕಾರಣ ಹುಡುಕಿದ್ದಳು. ಮೂಲೆ, ನಡು, ಎದುರು ಮೂಲೆ, ಮೂರೂ ಒಂದೇ ಓರೆ ಗೆರೆಯ ಮೇಲೆ ಬರುತ್ತವೆ. ಭಟ್ಟಿಯ ಬಾಗಿಲಿನ ಒಂದು ಕಡೆ ಸಣ್ಣ ಸಂದು, ಅದರ ಎದುರು ಮೂಲೆಯಲ್ಲಿ ಹೊಗೆಗಂಡಿ. ಸಂದಿನಿಂದ ನುಗ್ಗಿದ ಗಾಳಿ ಅಡ್ಡ ಹಾದು ಗಂಡಿಯಲ್ಲಿ ಹೋಗುತ್ತದೆ. ದಾರಿಯಲ್ಲಿರುವ ಬಿಲ್ಲೆಗಳು ಕೆಡುತ್ತವೆ.

"ನೋಡು ಅತ್ತೆ, ಕಣ್ಣಿಗೆ ಕಟ್ಟಿದ ಹಾಗಿದೆ," ಎಂದು ಕಾಗದದ ಮೇಲೆ ಬಾಣ ಬರೆದು ತೋರಿಸಿದಳು.

ಭಟ್ಟಿಯಕ್ಕನಿಗೂ ಹೌದೆನ್ನಿಸಿತು. ಬಾಗಿಲಿನ ಸಂದಿಗೆ ಬೆಂಕಿ ತಡೆಯುವ ಹೊಸ ಪಟ್ಟಿ ಬಿಗಿದರು, ಗಂಡಿಯನ್ನು ನಡುವಿಗೆ ಸರಿಸಿದರು. ಆ ವಾರದ ತಟ್ಟೆಯಲ್ಲಿ ಹದಿನೈದಕ್ಕೆ ಹದಿನೈದೂ ಗೆದ್ದವು. ಮೀಟರು ಮೇಜು ಬಡಿದು ಕುಣಿದ. ಭಟ್ಟಿಯಕ್ಕ ಮಾತ್ರ ಕುಣಿಯಲಿಲ್ಲ. ಅವಳಿಗೆ ದವಡೆ ಹಲ್ಲು ನೋವು, ಎಡಗೆನ್ನೆ ಬನ್ನಿನಂತೆ ಊದಿ, ತಲೆಗೆ ಸುತ್ತಿದ ಬಟ್ಟೆಯೊಳಗೆ ಮುಖ ಅರ್ಧ ಮುಚ್ಚಿಹೋಗಿತ್ತು. ಸೋಮವಾರ ವರದಿ ಹೋಯಿತು. ಹನ್ನೊಂದನೆಯ ಪುಟದಲ್ಲಿ ಬಾಗಿಲು, ಗಂಡಿ, ಬಾಣ ಎಲ್ಲ ಬಣ್ಣದಲ್ಲಿ ಬಂದಿತ್ತು. ಎರಡನೆಯ ಹಂತದಲ್ಲಿ ಕೊಳ್ಳುವ ನಾಲ್ಕು ಭಟ್ಟಿಗಳಿಗೂ ಅದೇ ಬಾಗಿಲು ಎಂದು ಬರೆದಾಗಿತ್ತು. ಶನಿವಾರವೇ ಹಲ್ಲೂ ಹೋಗಿತ್ತು, ಊತವೂ ಇಳಿದಿತ್ತು.

ಮಂಗಳವಾರದ ತಟ್ಟೆಯಲ್ಲಿ ಮತ್ತೆ ಮೂರು ಕೆಟ್ಟವು. ಮೂಲೆಯವೆರಡು, ನಡುವಿನದೊಂದು.

ಡಾಕ್ಟರಮ್ಮ ಬಾಗಿಲಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. "ಪಟ್ಟಿ ಸಡಿಲಾಗಿರಬೇಕು," ಅಂದಳು. ಅವಳ ದನಿಯೇ ಅವಳನ್ನು ನಂಬಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಭಟ್ಟಿಯಕ್ಕ ಶಟರು ಎತ್ತಿದಳು. ದಿನವೂ ಅವಳೇ ಮೊದಲು. ಹಿಂದಿನ ದಿನ ಲೇಪದಲ್ಲಿ ಅದ್ದಿ ತಟ್ಟೆಯಲ್ಲಿ ಒಣಗಲು ಇಟ್ಟ ಬಿಲ್ಲೆಗಳನ್ನು ಎಲ್ಲರೂ ಬರುವ ಮುಂಚೆ ಭಟ್ಟಿಗೆ ಏರಿಸುವುದು ಅವಳ ಕೆಲಸ. ಬರಿಗೈ ಮುಟ್ಟುವಂತಿಲ್ಲ ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಳು. ಭಟ್ಟಿಯಕ್ಕ ಆ ಮಾತನ್ನು ಒಂದು ದಿನವೂ ಮೀರಿದವಳಲ್ಲ. ಕೈತೊಳೆದು, ಒರೆಸಿ, ಬಿಳಿ ಕೈಗವಸು ಏರಿಸಿ, ಮೂಲೆಯ ಬಿಲ್ಲೆಯನ್ನು ಎತ್ತಿ ಕೆನ್ನೆಗೆ ಸೋಕಿಸಿದಳು.

ಲೇಪ ಒಳಗಿನವರೆಗೆ ಒಣಗಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಹಸಿ ಉಳಿದಿದ್ದರೆ ಬೆಂಕಿಯಲ್ಲಿ ಗುಳ್ಳೆ ಎದ್ದು ಸಿಡಿಯುತ್ತದೆ. ಕೆನ್ನೆಗೆ ಮಾತ್ರ ಗೊತ್ತಾಗುತ್ತದೆ. ಒಂದಿಷ್ಟು ಹಸಿ ಇದ್ದರೂ ತಣ್ಣಗೆ ಕಚ್ಚುತ್ತದೆ, ಒಣಗಿದ್ದರೆ ಏನೂ ಅನ್ನಿಸುವುದಿಲ್ಲ. ಕಾರ್ಖಾನೆಯಲ್ಲಿ ಸೇರಿದ ಮೊದಲ ತಿಂಗಳೇ ಕಲಿತದ್ದು. ಎಲ್ಲವನ್ನೂ ನೋಡಬೇಕಿಲ್ಲ. ಬೇಗ ಒಣಗುವುದು ಮೂಲೆ, ತಡವಾಗಿ ಒಣಗುವುದು ನಡು. ಮೂಲೆಯವೆರಡು, ನಡುವಿನದೊಂದು ನೋಡಿದರೆ ತಟ್ಟೆಯ ಹಣೆಬರಹ ತಿಳಿಯುತ್ತದೆ.

ಹಲ್ಲು ಕಿತ್ತ ಕಡೆ ಇನ್ನೂ ಚುರುಕ್ ಎನ್ನುತ್ತಿತ್ತು. ಬಲಗೆನ್ನೆಗೆ ಬದಲಿಸೋಣವೆಂದು ಬಿಲ್ಲೆಯನ್ನು ಈ ಕಡೆಗೆ ತಂದಳು. ಕೈ ಅಲ್ಲೇ ನಿಂತುಬಿಟ್ಟಿತು.

ಕಳೆದ ವಾರ ಕೆನ್ನೆ ಊದಿತ್ತು. ಬಟ್ಟೆ ಸುತ್ತಿತ್ತು. ಆ ತಟ್ಟೆಯ ಬಿಲ್ಲೆಗಳನ್ನು ಕೆನ್ನೆಗೆ ಸೋಕಿಸಿರಲೇ ಇಲ್ಲ. ಇರಲಿ ಎಂದು ಒಂದು ದಿನ ಹೆಚ್ಚು ಒಣಗಿಸಿ ಹಾಗೇ ಏರಿಸಿದ್ದಳು.

ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು.

ಬೆವರಿನಲ್ಲಿ ಉಪ್ಪಿರುತ್ತದೆ, ಉಪ್ಪು ಬಿಸಿಯಲ್ಲಿ ಕರೆಂಟಿಗೆ ದಾರಿ ಬಿಡುತ್ತದೆ ಎಂದು ತಾನೇ ಡಾಕ್ಟರಮ್ಮ ಕೈಗವಸು ಹಾಕಿಸಿದ್ದು? ಕೈಗೆ ಗವಸು ಹಾಕಿದರು, ಕೆನ್ನೆಯನ್ನು ಮರೆತರು. ಊಟದ ತಟ್ಟೆಗೆ ಕೆನ್ನೆಯ ಉಪ್ಪು ತಾಗಿದರೆ ಯಾರ ಗಂಟೂ ಹೋಗುವುದಿಲ್ಲ. ಇದು ಊಟದ ತಟ್ಟೆಯಲ್ಲ. ಹುಡುಗಿಗೂ ಕಾಣಲಿಲ್ಲವೇಕೆಂದರೆ, ಅವಳು ಕಾರ್ಖಾನೆಯ ಗೇಟಿಗೆ ಊಟದ ಡಬ್ಬಿ ತರುತ್ತಿದ್ದ ಕಾಲದಿಂದ ಅತ್ತೆ ತಟ್ಟೆಗಳಿಗೆ ಕೆನ್ನೆ ಒತ್ತುವುದನ್ನು ನೋಡಿದವಳು. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ? ವರದಿಯಲ್ಲಿ ಇಪ್ಪತ್ತಮೂರು ಹೆಜ್ಜೆ ಬರೆದಿದ್ದರು. ಇದನ್ನು ಬರೆದಿರಲಿಲ್ಲ. ಅದೊಂದು ಹೆಜ್ಜೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಭಟ್ಟಿಯಕ್ಕ ವ್ಯವಹಾರ ಬಲ್ಲ ಹೆಂಗಸು. ಯೋಚನೆ ಬರಬೇಕಾದ್ದೇ, ಬಂತು. ಇವತ್ತಿನಿಂದ ಕೆನ್ನೆಗೆ ಸೋಕಿಸದಿದ್ದರೆ ಮುಗಿಯಿತು. ನಾಳೆ ಹದಿನೈದಕ್ಕೆ ಹದಿನೈದೂ ಗೆಲ್ಲುತ್ತವೆ. ಹನ್ನೊಂದನೆಯ ಪುಟದ ಬಾಣ ನಿಜವೆಂದೇ ಉಳಿಯುತ್ತದೆ. ಪರೀಕ್ಷಕರು ಹೂಂ ಅನ್ನುತ್ತಾರೆ. ತನ್ನ ಬಾಯಿ ಒಂದು ಮುಚ್ಚಿದ್ದರೆ ಸಾಕು.

ಆಮೇಲೆ? ನಾಲ್ಕು ಭಟ್ಟಿ ಬರುತ್ತವೆ, ಜನ ಬರುತ್ತಾರೆ. ಬಂದವರು ತನ್ನನ್ನು ನೋಡಿಯೇ ಕಲಿಯುತ್ತಾರೆ. ಇನ್ನೆಲ್ಲೋ ಒಂದು ಮೂಲೆಯಲ್ಲಿ, ತಾನಿಲ್ಲದ ದಿನ, ಯಾರೋ ಒಬ್ಬರು ಹಣೆಗೋ ತುಟಿಗೋ ಒತ್ತಿ ನೋಡುತ್ತಾರೆ. ಬಾಗಿಲಿನ ಸಂದು ನೋಡಿರಪ್ಪಾ ಎಂದು ಎಲ್ಲರೂ ಬಾಗಿಲು ಬಿಚ್ಚಿಕೊಂಡು ಕೂರುತ್ತಾರೆ. ಆ ಬಿಲ್ಲೆ ಮೇಲೆ ಹಾರುತ್ತಿರುತ್ತದೆ.

ಎದ್ದಳು. ನೀರು ಕಾಯಿಸಲು ಇಟ್ಟಳು. ಕೆಟ್ಟ ಸುದ್ದಿಯನ್ನು ಬರಿಹೊಟ್ಟೆಯವರಿಗೆ ಹೇಳಬಾರದೆನ್ನುವುದು ಅವಳ ಬಹಳ ಕಾಲದ ನೇಮ.

ಚಹಾ ಲೋಟ ಕೈಗೆ ಕೊಟ್ಟು, ಬ್ರೆಡ್ಡು ಮುಂದಿಟ್ಟು, ಇಬ್ಬರೂ ಎರಡು ತುತ್ತು ತಿಂದ ಮೇಲೆ ಹೇಳಿದಳು. "ಬಾಗಿಲು ಅಲ್ಲ, ಗಂಡಿನೂ ಅಲ್ಲ. ನನ್ನ ಕೆನ್ನೆ."

ಡಾಕ್ಟರಮ್ಮನ ಕೈಯಲ್ಲಿದ್ದ ಬ್ರೆಡ್ಡು ಚಹಾದಲ್ಲೇ ಮುಳುಗಿಹೋಯಿತು. "ಏನು?"

ಹೇಳಿದಳು. ಊದಿದ ಕೆನ್ನೆ, ಗೆದ್ದ ತಟ್ಟೆ, ವಾಸಿಯಾದ ಕೆನ್ನೆ, ಸೋತ ತಟ್ಟೆ. ಮೀಟರು ಮೊದಲು ಬಾಯಿ ತೆರೆದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೆ, ಹಾಗಾದ್ರೆ ಈ ಕಂಪನೀಲಿ ಸರಿಯಾಗಿ ಕೆಲಸ ಮಾಡಿದ್ದು ನಿಮ್ಮ ಹುಳುಕು ಹಲ್ಲು ಒಂದೇ! ಅದನ್ನೂ ಕೀಳಿಸಿಬಿಟ್ರಲ್ಲ!"

"ಮಾವ, ಸುಮ್ನಿರು!" ಡಾಕ್ಟರಮ್ಮನ ಮುಖ ಕೆಂಪಾಗಿತ್ತು. "ಅತ್ತೆ, ನಾನು ಅಷ್ಟು ಸಲ ಹೇಳಿದೀನಿ, ಚರ್ಮ ತಾಗಬಾರದು ಅಂತ."

"ಕೈ ತಾಗಬಾರದು ಅಂದೆ. ಗವಸು ಕೊಟ್ಟೆ. ಹಾಕಿದೆ."

"ಕೆನ್ನೆ ಚರ್ಮ ಅಲ್ವಾ?"

"ಈಗ ಗೊತ್ತಾಯ್ತಲ್ಲ, ಹೌದು ಅಂತ."

"ವರದಿ ಹೋಗಿಬಿಟ್ಟಿದೆ! ನಾಳೆ ಹನ್ನೊಂದು ಗಂಟೆಗೆ ಅವರು ಬರ್ತಾರೆ. ಬಾಗಿಲು ಸರಿ ಮಾಡಿದ್ವಿ, ಗೆದ್ವಿ ಅಂತ ನನ್ನ ರುಜು ಹಾಕಿ ಕಳಿಸಿದೀನಿ. ಈಗ ಹೋಗಿ ನಮ್ಮತ್ತೆ ಕೆನ್ನೆ ಅಂತ ಹೇಳ್ಲಾ?" ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ನಗ್ತಾರೆ. ಇವರಿಗೆ ಏನೂ ಗೊತ್ತಿಲ್ಲ ಅಂತ ಬರೆದು ಹೋಗ್ತಾರೆ. ಎರಡನೇ ಹಂತ ಮುಗೀತು."

"ನಗಲಿ. ನಕ್ಕವರು ಊಹೂಂ ಅನ್ನೋದು ಕಮ್ಮಿ," ಎಂದಳು ಭಟ್ಟಿಯಕ್ಕ. "ಬಾಗಿಲು ಅಂತ ನಂಬಿಸಿ ಗೆದ್ದರೆ ಎರಡು ವರ್ಷ ನಾವೇ ಆ ಸುಳ್ಳನ್ನ ಸಾಕಬೇಕು. ನನ್ನ ಕೈಲಿ ಆಗಲ್ಲ. ನಿನ್ನ ಕೈಲೂ ಆಗಲ್ಲ, ನೀನು ಚಿಕ್ಕವಳಿದ್ದಾಗ ಬಟ್ಟಲು ಒಡೆದು ಬಂದರೆ ಮುಖ ನೋಡಿದ ತಕ್ಷಣ ಗೊತ್ತಾಗ್ತಿತ್ತು."

ಡಾಕ್ಟರಮ್ಮ ಓದಿದವಳು, ಆದರೆ ಓದು ತಲೆಗೇರಿದವಳಲ್ಲ. ಚಹಾದಿಂದ ಬ್ರೆಡ್ಡಿನ ಚೂರನ್ನು ಚಮಚದಲ್ಲಿ ತೆಗೆದು ಪಕ್ಕಕ್ಕಿಟ್ಟಳು. "ಸರಿ," ಅಂದಳು. "ಆದ್ರೆ ಊಹೆ ಸಾಲದು. ಬಾಗಿಲೂ ಊಹೆನೇ ಆಗಿತ್ತು, ನೋಡು ಏನಾಯ್ತು ಅಂತ. ತೋರಿಸಬೇಕು."

"ತೋರಿಸೋಣ. ಬಾಗಿಲಿನ ಪಟ್ಟಿ ಕೀಳು. ಗಂಡೀನ ಹಳೇ ಜಾಗಕ್ಕೆ ತಳ್ಳು. ಎಲ್ಲ ಮೊದಲಿನ ಹಾಗೆ ಇರಲಿ. ಹಳೇ ಬಾಗಿಲಲ್ಲೇ ಕೆನ್ನೆ ತಾಗದ ಬಿಲ್ಲೆ ಗೆದ್ದರೆ, ಬಾಗಿಲಿನ ತಪ್ಪೇನೂ ಇಲ್ಲ."

ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. ಇದನ್ನು ತಾನೇ ಹೇಳಬೇಕಿತ್ತು ಎಂದು ಅವಳ ಮುಖದಲ್ಲಿ ಬರೆದಿತ್ತು.

"ಬರೀ ಅತ್ತಿಗೆ ಕೆನ್ನೆ ಯಾಕೆ?" ಎಂದ ಮೀಟರು. "ನನ್ನದೂ ಇದೆ, ಇವಳದೂ ಇದೆ. ಯಾರ ಕೆನ್ನೇಲಿ ಉಪ್ಪು ಜಾಸ್ತಿ ನೋಡೇಬಿಡೋಣ."

ತಮಾಷೆಗೆ ಅಂದದ್ದು, ಕೆಲಸಕ್ಕೆ ಬಂತು. ಅತ್ತೆಯ ಕೆನ್ನೆಗೆ ಮೂರು ಬಿಲ್ಲೆ, ಮೀಟರಿನದಕ್ಕೆ ಮೂರು, ಡಾಕ್ಟರಮ್ಮನದಕ್ಕೆ ಮೂರು, ಯಾರೂ ಮುಟ್ಟದ್ದು ಆರು. ಈ ಸಲ ಮೂಲೆ, ನಡು ಎಂದು ನೋಡದೆ ಎಲ್ಲೆಂದರಲ್ಲಿ ಇಟ್ಟರು. ಯಾವುದು ಎಲ್ಲಿದೆ ಎಂದು ಡಾಕ್ಟರಮ್ಮ ಬರೆದುಕೊಂಡಳು. ಒಂಬತ್ತು ಗಂಟೆಗೆ ಭಟ್ಟಿಯ ಬಾಗಿಲು ಮುಚ್ಚಿತು.

ಇನ್ನೊಂದು ತೊಡಕು ಉಳಿದಿತ್ತು. "ಕೆನ್ನೆ ಬೇಡ ಅಂದ್ರೆ ಒಣಗಿದೆ ಅಂತ ಹೇಗೆ ತಿಳಿಯೋದು?" ಎಂದಳು ಡಾಕ್ಟರಮ್ಮ. "ತೇವ ಅಳೆಯೋ ಯಂತ್ರ ಇದೆ. ತರಿಸಬೇಕಂದ್ರೆ ಎರಡು ತಿಂಗಳು."

"ಕೆನ್ನೆ ಯಾಕೆ ಬೇಡ? ಕೆನ್ನೆ ಇರಲಿ. ಬಿಲ್ಲೆ ಬೇಡ." ಭಟ್ಟಿಯಕ್ಕ ಮೇಜಿನ ಕೆಳಗಿನಿಂದ ಒಂದು ಡಬ್ಬಿ ಎಳೆದಳು. ಕತ್ತರಿಸುವಾಗ ಒಡೆದ ಬಿಲ್ಲೆಗಳ ಚೂರು, ಎಸೆಯಲು ಮನಸ್ಸು ಬಾರದೆ ತುಂಬಿಟ್ಟದ್ದು. "ಬಿಲ್ಲೆಗಳ ಜೊತೆ ಮೂರು ಚೂರನ್ನೂ ಲೇಪದಲ್ಲಿ ಅದ್ದು. ಅದೇ ತಟ್ಟೇಲಿ, ಎರಡು ಮೂಲೆ, ಒಂದು ನಡು, ಬಿಲ್ಲೆಗಳ ಪಕ್ಕಕ್ಕೇ ಇಡು. ಒಟ್ಟಿಗೆ ಒಣಗ್ತವೆ. ಬೆಳಿಗ್ಗೆ ಚೂರನ್ನ ಕೆನ್ನೆಗೆ ಇಟ್ಟು ನೋಡ್ತೀನಿ, ಬುಟ್ಟಿಗೆ ಹಾಕ್ತೀನಿ. ಬಿಲ್ಲೆ ತಂಟೆಗೇ ಹೋಗಲ್ಲ."

ಮೀಟರು ಕೊರಳಿನ ಮೀಟರನ್ನು ಎತ್ತಿ ಕಣ್ಣಿಗೊತ್ತಿಕೊಂಡ. "ಡಾಕ್ಟರಮ್ಮ, ಆ ಪಟ್ಟ ಇವರಿಗೆ ಕೊಟ್ಟುಬಿಡು."

"ಕೆಮ್ಮಿಗೆ ಔಷಧಿ ಕೇಳಿಕೊಂಡು ಬರೋರನ್ನೂ ಸೇರಿಸಿ ಕೊಡ್ತೀನಿ," ಎಂದಳು ಡಾಕ್ಟರಮ್ಮ. ಬೆಳಗಿನಿಂದ ಮೊದಲ ಸಲ ನಕ್ಕಳು.

ಅಂದು ಮಧ್ಯಾಹ್ನವೇ ಮರುದಿನದ ತಟ್ಟೆಯನ್ನು ಚೂರುಗಳ ಸಮೇತ ಅದ್ದಿ ಒಣಗಲಿಟ್ಟರು.

ಗುರುವಾರ ಬೆಳಿಗ್ಗೆ ಎಂಟಕ್ಕೆ, ಪ್ರೆಸ್ಸು ತೆರೆಯುವ ಮುಂಚೆ, ಮೀಟರು ಬುಧವಾರದ ತಟ್ಟೆಯ ಬಿಲ್ಲೆಗಳನ್ನು ಒಂದೊಂದಾಗಿ ಕಾಯಿಸಿ ಅಳೆದ. ಯಾರೂ ಮುಟ್ಟದ ಆರು ಕಲ್ಲಿನಂತೆ ನಿಂತವು. ಉಳಿದ ಒಂಬತ್ತೂ ಸೋರಿದವು. ಹೆಚ್ಚು ಸೋರಿದ್ದು ಭಟ್ಟಿಯಕ್ಕನದಲ್ಲ, ಡಾಕ್ಟರಮ್ಮನದು. ಅವಳು ಮುಖಕ್ಕೆ ಕ್ರೀಮು ಹಚ್ಚುತ್ತಿದ್ದಳು.

"ವಿಜ್ಞಾನ ಹೇಳ್ತಿದೆ, ಈ ಮನೇಲಿ ಕಮ್ಮಿ ಉಪ್ಪು ನಂದೇ," ಎಂದು ಮೀಟರು ತನ್ನ ಕೆನ್ನೆ ಸವರಿಕೊಂಡ.

"ಮುಖ ತೊಳೆಯೋದು ಕಮ್ಮಿ, ಒಣಗಿ ಉದುರಿಹೋಗಿರುತ್ತೆ," ಎಂದಳು ಭಟ್ಟಿಯಕ್ಕ.

ಪರೀಕ್ಷಕರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ತೆಳ್ಳಗಿನ ಮನುಷ್ಯ, ಚೊಕ್ಕವಾಗಿ ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ವರದಿ. ವರದಿಯ ಅಂಚಿನಲ್ಲಿ ಬಣ್ಣದ ಚೀಟಿಗಳು ಇಣುಕುತ್ತಿದ್ದವು. ಕೊಟ್ಟ ಕುರ್ಚಿಯಲ್ಲಿ ಕೂರದೆ ನೇರ ಭಟ್ಟಿಯ ಬಳಿ ಹೋದರು.

"ಹನ್ನೊಂದನೇ ಪುಟ ಚೆನ್ನಾಗಿದೆ," ಎಂದರು. "ಗಾಳಿಯ ದಾರಿ ಕಂಡುಹಿಡಿದದ್ದು. ನಮ್ಮ ಸಮಿತಿಯಲ್ಲಿ ಎಲ್ಲರಿಗೂ ಅದೇ ಹಿಡಿಸಿತು. ಎಲ್ಲಿ, ಆ ಸರಿ ಮಾಡಿದ ಬಾಗಿಲು?"

ಡಾಕ್ಟರಮ್ಮ ಭಟ್ಟಿಯಕ್ಕನ ಮುಖ ನೋಡಿದಳು. ಪಟ್ಟಿ ಕಿತ್ತ ಬಾಗಿಲು ತನ್ನ ಸಂದು ತೋರಿಸಿಕೊಂಡು ಎದುರಿಗೇ ನಿಂತಿತ್ತು.

ಭಟ್ಟಿಯಕ್ಕ ಮುಂದೆ ಬಂದಳು. "ಸರ್, ಆ ಪುಟ ಹರಿದುಹಾಕಿ. ತಪ್ಪು ಬರೆದಿದೀವಿ. ತಪ್ಪು ನಂದು, ಬಾಗಿಲಿನದಲ್ಲ."

ಪರೀಕ್ಷಕರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ನೀವು?"

"ತಯಾರಿಕೆಯ ಮುಖ್ಯಸ್ಥೆ," ಎಂದಳು. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಂಥ ದಿನವೇ ಹೇಳಬೇಕಾಗಿ ಬಂತಲ್ಲ ಎಂದುಕೊಂಡಳು, ಆದರೂ ದನಿ ನೆಟ್ಟಗಿತ್ತು.

ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹಲ್ಲಿನ ವಿಷಯವನ್ನೂ ಬಿಡಲಿಲ್ಲ. ಡಾಕ್ಟರಮ್ಮ ಈಗ ಚೇತರಿಸಿಕೊಂಡು ಹದಿನೈದು ಬಿಲ್ಲೆಗಳ ಪಟ್ಟಿ ಮುಂದಿಟ್ಟಳು. ಯಾವುದಕ್ಕೆ ಯಾರ ಕೆನ್ನೆ, ಎಷ್ಟು ಸೋರಿಕೆ. ಕ್ರೀಮಿನ ಸಾಲಿಗೆ ಬಂದಾಗ ತಾನೇ ಬೆರಳಿಟ್ಟು, "ಇದು ನಂದು," ಅಂದಳು.

ಪರೀಕ್ಷಕರು ನಗಲಿಲ್ಲ. ಪಟ್ಟಿಯನ್ನು ಎರಡು ಸಲ ಓದಿದರು. "ವರದಿ ಕಳಿಸಿ ಮೂರೇ ದಿನಕ್ಕೆ ಹೀಗೆ ತಿರುಗಿದರೆ, ನಾಳೆ ಇನ್ನೊಂದು ಕಾರಣ ಹೇಳಲ್ಲ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಬಾಯಲ್ಲಿ ಕೊಡೋದಲ್ಲ ಸರ್. ತಟ್ಟೆ ರೆಡಿ ಇದೆ. ನೀವೇ ಏರಿಸಿ."

ಒಣಗಿದ ತಟ್ಟೆ ತಂದಳು. ಚೂರುಗಳನ್ನು ತೋರಿಸಿದಳು. ಬೆಳಿಗ್ಗೆ ಅದ್ದಿದ ಒಂದು ಹಸಿ ಚೂರನ್ನೂ ಪಕ್ಕಕ್ಕಿಟ್ಟು, "ಕಣ್ಣಲ್ಲೇ ನೋಡಿ ಹೇಳಿ, ಯಾವುದು ಹಸಿ?" ಎಂದಳು. ಪರೀಕ್ಷಕರು ಬೆಳಕಿಗೆ ಹಿಡಿದು ನೋಡಿ ಒಂದನ್ನು ತೋರಿಸಿದರು. ತಪ್ಪಾಯಿತು. "ಈಗ ಕೆನ್ನೆಗಿಡಿ. ಒತ್ತಬೇಡಿ, ಸೋಕಿಸಿ." ಸರ್ಕಾರದ ಮನುಷ್ಯ ಕನ್ನಡಕ ತೆಗೆದು, ಆ ಕಡೆ ಈ ಕಡೆ ನೋಡಿ, ಚೂರನ್ನು ಕೆನ್ನೆಗಿಟ್ಟುಕೊಂಡರು. ಒಂದು ಕ್ಷಣ ಅವರ ಹುಬ್ಬು ಮೇಲೆ ಹೋಯಿತು.

"ತಣ್ಣಗಿದೆ," ಅಂದರು.

"ಹಾಂ."

ಅವರೇ ಮೂರೂ ಚೂರು ಕೆನ್ನೆಗಿಟ್ಟು ನೋಡಿದರು. ಅವರೇ ಕೈಗವಸು ಹಾಕಿ ಬಿಲ್ಲೆಗಳನ್ನು ಭಟ್ಟಿಗೆ ಸೇರಿಸಿದರು. ಬಾಗಿಲು ಮುಚ್ಚಿ, ಅದರ ಮೇಲೆ ಒಂದು ಕಾಗದ ಅಂಟಿಸಿ, ಅಡ್ಡಲಾಗಿ ರುಜು ಎಳೆದರು. "ನಾಳೆ ಬೆಳಿಗ್ಗೆ ನಾನೇ ಬಂದು ಹರೀತೀನಿ," ಎಂದು ಚಹಾವನ್ನೂ ಕುಡಿಯದೆ ಹೊರಟರು.

"ಚಹಾ ಮುಟ್ಟಲಿಲ್ಲ," ಎಂದಳು ಡಾಕ್ಟರಮ್ಮ, ಅವರ ಕಾರು ತಿರುಗಿದ ಮೇಲೆ. "ಕೋಪ ಬಂದಿದೆ."

"ಕೋಪ ಬಂದೋರು ನಾಳೆ ಬರ್ತೀನಿ ಅನ್ನಲ್ಲ. ಕಾಗದ ಕಳಿಸ್ತಾರೆ." ಆ ಚಹಾವನ್ನು ಭಟ್ಟಿಯಕ್ಕನೇ ಕುಡಿದಳು.

ಶುಕ್ರವಾರ ಅವರು ಕಾಗದ ಹರಿದು ಬಾಗಿಲು ತೆಗೆದರು. ಪಕ್ಕದ ಪ್ರೆಸ್ಸಿನವರಿಗೆ ಅರ್ಧ ಗಂಟೆ ಯಂತ್ರ ನಿಲ್ಲಿಸಿರೆಂದು ಮೀಟರು ಹೇಳಿ ಬಂದಿದ್ದ. ಕೋಣೆಯಲ್ಲಿ ಎಷ್ಟು ನಿಶ್ಶಬ್ದವೆಂದರೆ, ಮೊದಲ ಬಿಲ್ಲೆ ಕಾಯುತ್ತಿದ್ದಂತೆ ಅದರ ಕೆಳಗಿನ ತಟ್ಟೆ ಟಿಕ್ ಎಂದದ್ದೂ ಕೇಳಿಸಿತು. ಮೀಟರು ತಮಾಷೆ ಮಾಡಲಿಲ್ಲ. ತಂತಿ ತಾಗಿಸುತ್ತಿದ್ದ, ಅಂಕಿ ಹೇಳುತ್ತಿದ್ದ, ಪರೀಕ್ಷಕರು ಬರೆದುಕೊಳ್ಳುತ್ತಿದ್ದರು. ಮೂಲೆಯದು ಸರಿ. ಅದರ ಪಕ್ಕದ್ದು ಸರಿ. ನಡುವಿನದಕ್ಕೆ ಬಂದಾಗ ಡಾಕ್ಟರಮ್ಮ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಳು. ಸರಿ. ಎದುರು ಮೂಲೆಯದೂ ಸರಿ.

ಹದಿನೈದಕ್ಕೆ ಹದಿನೈದು.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಇವತ್ತು ಕೂತರು. "ನೋಡಿ," ಎಂದರು, "ಕೆಡದೇ ಇರೋ ಸಾಮಾನು ಮಾಡ್ತೀವಿ ಅಂತ ಎಲ್ಲರೂ ಬರೀತಾರೆ. ಯಾಕೆ ಕೆಡುತ್ತೆ ಅಂತ ಗೊತ್ತಿರೋರು ಕಮ್ಮಿ. ನಾನು ಹೂಂ ಅಂತ ಬರೀತೀನಿ. ಮೂರು ಶರತ್ತು ಇದೆ. ಹನ್ನೊಂದನೇ ಪುಟ ಹೊಸದಾಗಿ ಬರೆದು ಒಂದು ವಾರದಲ್ಲಿ ಕಳಿಸಬೇಕು, ಕೆನ್ನೆ-ಗಿನ್ನೆ ಏನೂ ಮುಚ್ಚಿಡದೆ. ಚೂರು ನೋಡೋದು ಒಂದು ಹೆಜ್ಜೆ ಅಂತ ನಂಬರು ಹಾಕಿ ಸೇರಿಸಬೇಕು. ಮತ್ತೆ, ಮೂರು ತಿಂಗಳಲ್ಲಿ ಇನ್ನಿಬ್ಬರಿಗಾದ್ರೂ ಅದು ಬರಬೇಕು. ಇಡೀ ಯೋಜನೆ ಒಂದೇ ಕೆನ್ನೆ ಮೇಲೆ ನಿಲ್ಲಬಾರದು."

"ಬರುತ್ತೆ," ಎಂದಳು ಭಟ್ಟಿಯಕ್ಕ. "ನಿಮಗೆ ಅರ್ಧ ಗಂಟೇಲಿ ಬಂತಲ್ಲ."

ಆಗ ಪರೀಕ್ಷಕರು ನಕ್ಕರು. ನಕ್ಕಾಗ ಬೇರೆಯೇ ಮನುಷ್ಯನ ಹಾಗೆ ಕಂಡರು. ಚಹಾ ಲೋಟವನ್ನು ತಾವೇ ಎಳೆದುಕೊಂಡು ಕೋಣೆಯ ಸುತ್ತ ಕಣ್ಣು ಹಾಯಿಸಿದರು. "ಅದಿರಲಿ, ನಾಲ್ಕು ಭಟ್ಟಿ ಅಂತ ಬರೆದಿದೀರಲ್ಲ, ಈ ಜಾಗದಲ್ಲಿ ಎಲ್ಲಿ ನಿಲ್ಲಿಸ್ತೀರಿ?"

"ಎರಡು ಅಲ್ಲಿ, ಕಿಟಕಿ ಕೆಳಗೆ. ಒಂದು ಪರದೆ ಪಕ್ಕ. ಇನ್ನೊಂದು ಈ ಗೋಡೆಗೆ. ಶಟರಿನ ಅಗಲ ಅಳೆದಾಗಿದೆ, ಭಟ್ಟಿ ಬಿಚ್ಚದೇ ಒಳಗೆ ಬರುತ್ತೆ."

ಮೀಟರು ಚಹಾ ಲೋಟ ಹಿಡಿದೇ ಗೋಡೆಯ ಕಡೆ ತಿರುಗಿದ. "ಅತ್ತಿಗೆ, ಆ ಗೋಡೆಗೆ ನನ್ನ ಮೇಜಿದೆ."

"ಇತ್ತು," ಎಂದಳು ಭಟ್ಟಿಯಕ್ಕ. "ಡಾಕ್ಟರಮ್ಮ, ಮೇಜಿನ ಆ ಕಡೆ ಹಿಡಿ. ನಿನ್ನ ಮಾವನಿಗೆ ಲೋಟ ಕೆಳಗಿಟ್ಟು ಈ ಕಡೆ ಹಿಡಿಯೋಕೆ ಹೇಳು."